310 ಗ್ರಾಂ ತೂಕದ ಬೆಕ್ಕಿನ ಮರಿ: ಒಂದು ಪ್ರಕರಣ ಅಧ್ಯಯನ

ಇಲ್ಲಿ ದಾಖಲಿಸುತ್ತಿರುವುದು ಒಂದೇ ಒಂದು ಬೆಕ್ಕಿನ ಮರಿಯ ಆರೈಕೆಯ ವಿವರ. ಜೂನ್ ತಿಂಗಳ ಎರಡನೆಯ ವಾರದಲ್ಲಿ ತೋಟದಲ್ಲಿ ಸಿಕ್ಕಿದ ಮರಿ ನವೆಂಬರ್ ಕೊನೆಗೆ ಆರು ತಿಂಗಳು ದಾಟಿದ ಆರೋಗ್ಯವಂತ ಬೆಕ್ಕಾಗಿ ಬೆಳೆದಿದೆ. ಆದರೆ ಮೊದಲ ಮೂರು ದಿನಗಳಲ್ಲಿ, ಪೂರ್ಣ ಪ್ರೀತಿಯಿಂದಲೇ, ನಾನು ಮಾಡಿದ ಕೆಲವು ತಪ್ಪುಗಳು ಅದನ್ನು ಸಾವಿನ ಬಾಗಿಲಿಗೆ ಒಯ್ದಿದ್ದವು. ಆ ತಪ್ಪುಗಳು ನಮ್ಮ ಸೀಮೆಯ ಯಾವ ಮನೆಯಲ್ಲೂ ನಡೆಯಬಹುದಾದಂಥವು. ದಿನದಿನದ ತೂಕವನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ಯಾವ ಕ್ರಮದಿಂದ ಏನಾಯಿತು ಎಂಬುದನ್ನು ನೆನಪಿನ ಮೇಲೆ ಭಾರ ಹಾಕದೆ ಹೇಳಬಲ್ಲೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಸುಮಾರು ಒಂದು ಕಿಲೋಮೀಟರು ಒಳಗೆ ನಮ್ಮ ಮನೆ. ಸುತ್ತ ಅಡಿಕೆ ತೋಟ, ಹಿಂದೆ ಎರಡು ಹಸುಗಳ ಹಟ್ಟಿ, ಪಕ್ಕದಲ್ಲಿ ಸೌದೆ ಕೊಟ್ಟಿಗೆ ಮತ್ತು ಬಚ್ಚಲುಮನೆ. ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಅಮ್ಮ, ಹೆಂಡತಿ, ಎಂಟನೆಯ ತರಗತಿಯ ಮಗಳು, ಮತ್ತು ಆ ದಿನಗಳಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದ ಏಳು ತಿಂಗಳ ಬಸುರಿ ತಂಗಿ. ಮನೆ ಸಂಪೂರ್ಣ ಸಸ್ಯಾಹಾರಿ. ಮೊಟ್ಟೆಯೂ ಅಡುಗೆಮನೆಯ ಹೊಸಿಲು ದಾಟಿದ್ದಿಲ್ಲ. ತಂಗಿಯ ಬಸುರು ಮತ್ತು ಮನೆಯ ಆಹಾರ ಪದ್ಧತಿ, ಈ ಎರಡೂ ಸಂಗತಿಗಳು ಮುಂದೆ ಮುಖ್ಯವಾಗುವುದರಿಂದ ಮೊದಲೇ ಹೇಳಿದ್ದೇನೆ.

ಮರಿ ಸಿಕ್ಕಿದ ಬೆಳಗ್ಗೆ

ಹಿಂದಿನ ರಾತ್ರಿ ಮಳೆ ಬಿಡದೆ ಸುರಿದಿತ್ತು. ಬೆಳಗ್ಗೆ ಆರೂವರೆಗೆ ಹಟ್ಟಿಗೆ ಹೋಗಿದ್ದ ಮಗಳಿಗೆ ತೋಟದ ಪಂಪ್ ಶೆಡ್ಡಿನ ಕಡೆಯಿಂದ ಕೂಗು ಕೇಳಿಸಿತು. ಮುರಕಲ್ಲಿನ ಕಟ್ಟೆಯ ಕೆಳಗೆ ಉದುರಿಬಿದ್ದ ಅಡಿಕೆ ಹಾಳೆಯೊಂದರಲ್ಲಿ ಮಳೆನೀರು ನಿಂತಿತ್ತು; ಆ ನೀರಿನಲ್ಲಿ ಅರ್ಧ ನೆನೆದು ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣವಿದ್ದ ಮರಿಯೊಂದು ಕುಳಿತಿತ್ತು. ಒಂದು ಮಾರು ದೂರದಲ್ಲಿ ಅದರ ಒಡಹುಟ್ಟು ಸತ್ತು ಬಿದ್ದಿತ್ತು.

ಒಂಟಿ ಮರಿ ಕಂಡ ತಕ್ಷಣ ಎತ್ತಿ ತರುವುದು ಎಲ್ಲ ಸಂದರ್ಭದಲ್ಲೂ ಸರಿಯಲ್ಲ. ತಾಯಿ ಬೆಕ್ಕು ಮರಿಗಳನ್ನು ಒಂದೊಂದಾಗಿ ಜಾಗ ಬದಲಿಸುತ್ತಿರಬಹುದು, ಇಲ್ಲವೇ ಬೇಟೆಗೆ ಹೋಗಿರಬಹುದು. ಮರಿ ಒಣಗಿದ್ದು, ಬೆಚ್ಚಗಿದ್ದು, ಸುಮ್ಮನೆ ಮಲಗಿದ್ದರೆ ಕೆಲವು ಗಂಟೆ ದೂರದಿಂದ ಕಾಯುವುದೇ ಉತ್ತಮ. ತಾಯಿಯ ಹಾಲಿಗೆ ಸಮನಾದ ಬದಲಿ ಇಲ್ಲ. ಇಲ್ಲಿ ಕಾಯುವ ಪ್ರಶ್ನೆ ಇರಲಿಲ್ಲ. ಮರಿ ಒದ್ದೆಯಾಗಿತ್ತು, ಅದರ ಕೂಗು ಸಣ್ಣದಾಗುತ್ತ ಬರುತ್ತಿತ್ತು, ಪಕ್ಕದಲ್ಲೇ ಸಾವಿತ್ತು. ತಾಯಿ ಬೆಕ್ಕು ಆ ದಿನವಾಗಲೀ ಆಮೇಲಾಗಲೀ ತೋಟದಲ್ಲಿ ಕಾಣಿಸಿಕೊಳ್ಳಲಿಲ್ಲ.

ಎತ್ತಿಕೊಳ್ಳುವಾಗ ಮರಿ ಹೆದರಿ ಮಗಳ ಮುಂಗೈಯನ್ನು ಪರಚಿತು. ಎರಡು ಗೀರುಗಳಲ್ಲಿ ರಕ್ತ ಜಿನುಗಿತು. ಮರಿ ಎಷ್ಟೇ ಸಣ್ಣದಿದ್ದರೂ ಇದನ್ನು ಹಗುರವಾಗಿ ಕಾಣುವಂತಿಲ್ಲ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಡಿಯಾರ ನೋಡಿ ತೊಳೆಸಿದೆವು. ಅರಸಿನವನ್ನಾಗಲೀ ಬೇರೆ ಏನನ್ನಾಗಲೀ ಹಚ್ಚಲಿಲ್ಲ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಾಗ, ರಕ್ತ ಬಂದ ಪರಚುಗಾಯವಾದ್ದರಿಂದ ರೇಬಿಸ್ ಲಸಿಕೆಯ ಜೊತೆಗೆ ಗಾಯದ ಸುತ್ತ, ವೈರಸ್ಸನ್ನು ಅಲ್ಲೇ ತಡೆಯುವ ಇಮ್ಯುನೋಗ್ಲಾಬುಲಿನ್ ಚುಚ್ಚುಮದ್ದನ್ನೂ ಕೊಟ್ಟರು. ಮೊದಲ ದಿನದ ಬಳಿಕ 3, 7 ಮತ್ತು 28ನೆಯ ದಿನಗಳ ಲಸಿಕೆಗಳನ್ನೂ ತಪ್ಪದೆ ಹಾಕಿಸಿದೆವು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ. “ಮರಿ ತಾನೇ, ಏನಾಗುತ್ತದೆ” ಎಂಬ ಮಾತನ್ನು ಆ ವಾರ ನೆರೆಮನೆಗಳಲ್ಲಿ ಕನಿಷ್ಠ ನಾಲ್ಕು ಸಲ ಕೇಳಿದೆ. ಪ್ರತಿ ಸಲವೂ ನಿಂತು ವಿವರಿಸಿ ಹೇಳಿದೆ.

ಮೊದಲ ಮೂರು ದಿನ

ಮರಿಯನ್ನು ಬೈರಾಸಿನಲ್ಲಿ ಒರೆಸಿ ಒಣಗಿಸಿದ ಮೇಲೆ, ಕಾಳುಮೆಣಸು ತೂಗಲು ಇಟ್ಟುಕೊಂಡಿದ್ದ ಡಿಜಿಟಲ್ ತಕ್ಕಡಿಯ ಮೇಲೆ ಪಾತ್ರೆ ಇಟ್ಟು ತೂಗಿದೆ: 310 ಗ್ರಾಂ. ಬಾಯಿ ತೆರೆದು ನೋಡಿದರೆ ಮುಂಬಾಚಿ ಹಲ್ಲುಗಳೂ ಕೋರೆಹಲ್ಲುಗಳೂ ಬಂದಿದ್ದವು, ಹಿಂದಿನ ಹಲ್ಲುಗಳು ಒಸಡಿನಿಂದ ಆಗಷ್ಟೇ ತಲೆ ಎತ್ತುತ್ತಿದ್ದವು. ಕಣ್ಣಿನ ಬಣ್ಣ ಇನ್ನೂ ನೀಲಿ. ಈ ಗುರುತುಗಳ ಪ್ರಕಾರ ವಯಸ್ಸು ಐದು ವಾರದ ಆಸುಪಾಸು. ಹುಟ್ಟುವಾಗ ಸುಮಾರು 100 ಗ್ರಾಂ ಇರುವ ಮರಿ ವಾರಕ್ಕೆ ಹತ್ತಿರ ಹತ್ತಿರ 100 ಗ್ರಾಂನಂತೆ ಏರಬೇಕು ಎಂಬ ಸ್ಥೂಲ ಲೆಕ್ಕದಲ್ಲಿ ಇದು 600 ಗ್ರಾಂನ ಹತ್ತಿರ ಇರಬೇಕಿತ್ತು. ಆ ವ್ಯತ್ಯಾಸದ ಅರ್ಥವನ್ನು ಅಂದೇ ಗ್ರಹಿಸಿದ್ದರೆ ಕೂಡಲೇ ಮೃಗಾಸ್ಪತ್ರೆಗೆ ಹೋಗುತ್ತಿದ್ದೆ. ನಾನು ಮಾಡಿದ್ದು ಬೇರೆ.

ಮಗಳು ಎಳೆಯ ಮಗುವಾಗಿದ್ದಾಗ ಬಳಸುತ್ತಿದ್ದ ಬೆಳ್ಳಿಯ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದು, ಆಗ ತಾನೇ ಕರೆದ ಹಸುವಿನ ಹಾಲನ್ನು ಕಾಯಿಸಿ ಆರಿಸಿ ತುಂಬಿದೆ. ಮಗುವನ್ನು ಮಲಗಿಸಿಕೊಳ್ಳುವಂತೆಯೇ ಮರಿಯನ್ನು ಎಡಗೈಯಲ್ಲಿ ಅಂಗಾತ ಹಿಡಿದು, ಒಳಲೆಯ ತುದಿಯನ್ನು ಬಾಯಿಗಿಟ್ಟು ಹಾಲು ಇಳಿಸಿದೆ. ಎರಡು ಗುಟುಕು ಹೋಯಿತು. ಮೂರನೆಯದಕ್ಕೆ ಮರಿ ಕೆಮ್ಮಿತು, ಮೂಗಿನ ಹೊಳ್ಳೆಗಳಿಂದ ಹಾಲು ಗುಳ್ಳೆಯಾಗಿ ಹೊರಬಂತು. ತಲೆ ತಗ್ಗಿಸಿ ಹಿಡಿದು ಬೆನ್ನು ಸವರಿದ ಮೇಲೆ ಉಸಿರು ಸರಿಯಾಯಿತು. ಆ ಬಿಳಿಯ ಗುಳ್ಳೆಗಳು ಈಗಲೂ ನನ್ನ ಕಣ್ಣ ಮುಂದಿವೆ.

ಈ ಒಂದು ಕೆಲಸದಲ್ಲೇ ಮೂರು ತಪ್ಪುಗಳಿದ್ದವು. ಮೊದಲನೆಯದು ಮತ್ತು ಅತ್ಯಂತ ದೊಡ್ಡದು, ಮೈ ತಣ್ಣಗಿರುವ ಮರಿಗೆ ಹಾಲು ಕೊಟ್ಟದ್ದು. ಶರೀರದ ಶಾಖ ಇಳಿದಾಗ ಮರಿಯ ಕರುಳಿನ ಚಲನೆ ನಿಂತಂತಾಗುತ್ತದೆ. ಹೊಟ್ಟೆಗೆ ಹೋದದ್ದು ಜೀರ್ಣವಾಗದೆ ಅಲ್ಲೇ ಹುಳಿಯುತ್ತದೆ. ಮರಿಯ ಕಿವಿ, ಪಾದ ಮತ್ತು ಬಾಯೊಳಗು ಬೆರಳಿಗೆ ಬೆಚ್ಚಗೆ ತಾಗುವವರೆಗೆ ಅದಕ್ಕೆ ಶಾಖವೇ ಬೇಕು: ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಮಗ್ಗುಲಿಗೆ ಇಟ್ಟು, ಸೆಕೆಯಾದರೆ ಮರಿ ತಾನೇ ಸರಿಯಲು ಇನ್ನೊಂದು ಮಗ್ಗುಲನ್ನು ಖಾಲಿ ಬಿಟ್ಟು, ನಿಧಾನವಾಗಿ ಕೊಡುವ ಶಾಖ. ಒಲೆಯ ಮುಂದೆ ಹಿಡಿದು ಬೇಗನೆ ಕಾಯಿಸುವುದೂ ಅಪಾಯವೇ. ಎರಡನೆಯ ತಪ್ಪು ಅಂಗಾತ ಹಿಡಿದದ್ದು. ಬೆಕ್ಕಿನ ಮರಿ ತಾಯಿಯ ಹಾಲು ಕುಡಿಯುವುದು ಹೊಟ್ಟೆ ಕೆಳಗಾಗಿ, ಕತ್ತು ತುಸು ಎತ್ತಿ. ಅಂಗಾತ ಮಲಗಿಸಿದರೆ ಹಾಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೂರನೆಯದು ಹಸುವಿನ ಹಾಲು. ಬೆಕ್ಕಿನ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸರಿಸುಮಾರು ಎರಡು ಪಟ್ಟು ಪ್ರೋಟೀನು ಇರುತ್ತದೆ. ಹಸುವಿನ ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಮರಿಯ ಕರುಳು ಪೂರ್ತಿ ಅರಗಿಸಿಕೊಳ್ಳಲಾರದೆ ಭೇದಿಗಿಡುತ್ತದೆ. ಬೆಕ್ಕಿಗೆ ಹಾಲೇ ಆಹಾರ ಎಂದು ಅಂಗನವಾಡಿಯ ಚಿತ್ರಪಟದಿಂದಲೇ ಕಲಿತು ಬಂದಿರುವ ನಮಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ನಾನೂ ಎರಡು ದಿನ ಒಪ್ಪಲಿಲ್ಲ.

ಎರಡನೆಯ ದಿನದ ತೂಕ 304 ಗ್ರಾಂ. ಮಧ್ಯಾಹ್ನದಿಂದ ಹಳದಿ ನೀರಿನಂಥ ಭೇದಿ ಶುರುವಾಯಿತು. ಹಾಲಿಗೆ ನೀರು ಬೆರೆಸಿ ಕೊಟ್ಟೆ. ಅದರಿಂದ ಭೇದಿ ನಿಲ್ಲಲಿಲ್ಲ, ಇದ್ದ ಪೋಷಣೆಯೂ ತೆಳುವಾಯಿತು. ಮೂರನೆಯ ದಿನ ಬೆಳಗ್ಗೆ ತೂಕ 292 ಗ್ರಾಂ. ಹೆಗಲ ಮೇಲಿನ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತಿತ್ತು. ಮರಿ ಕೂಗುವುದನ್ನು ನಿಲ್ಲಿಸಿತ್ತು. ಅಮ್ಮ ಅದನ್ನು ನೋಡಿ “ಸಮಾಧಾನವಾಗಿ ಮಲಗಿದೆ” ಎಂದರು. ತಕ್ಕಡಿಯ ಅಂಕಿ ಮುಂದಿಲ್ಲದಿದ್ದರೆ ನಾನೂ ಹಾಗೆಯೇ ನಂಬುತ್ತಿದ್ದೆ.

ಮೃಗಾಸ್ಪತ್ರೆಯಲ್ಲಿ

ನಮ್ಮ ಪಂಚಾಯತಿನ ಮೃಗಾಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಹಸು, ಆಡು, ಕೋಳಿಗಳ ಕೆಲಸಕ್ಕೆ ಬರುವವರು. ಬುಟ್ಟಿಯಲ್ಲಿ ಬೆಕ್ಕಿನ ಮರಿ ಇಟ್ಟುಕೊಂಡು ಸಾಲಿನಲ್ಲಿ ನಿಂತವನು ನಾನೊಬ್ಬನೇ. ವೈದ್ಯೆ ಸಾಲಿನ ನಡುವಿನಿಂದಲೇ ನಮ್ಮನ್ನು ಒಳಗೆ ಕರೆದರು. ಶಾಖ 98.2 ಡಿಗ್ರಿ ಫ್ಯಾರನ್‌ಹೀಟ್. ಈ ವಯಸ್ಸಿಗೆ 100ರ ಮೇಲಿರಬೇಕಾದದ್ದು. ಒಸಡು ಬಿಳಿಚಿತ್ತು. ನಾನು ಕೊಟ್ಟ ಆಹಾರದ ವಿವರ ಕೇಳಿ ಅವರು ಬಯ್ಯಲಿಲ್ಲ. “ಮಾಷ್ಟ್ರೇ, ಮೊದಲು ಶಾಖ, ಮತ್ತೆ ನೀರಿನಂಶ, ಆಹಾರ ಅದರ ಮೇಲೆ. ಈ ಸಾಲು ತಪ್ಪಬಾರದು” ಎಂದಷ್ಟೇ ಹೇಳಿ, ಚರ್ಮದ ಅಡಿಗೆ ಬೆಚ್ಚಗಿನ ಸಲೈನ್ ಕೊಟ್ಟರು. ಹೆಗಲಿನ ನಡುವೆ ಲಿಂಬೆಹಣ್ಣಿನಷ್ಟು ಊತ ಬಂದು ಸಂಜೆಯೊಳಗೆ ಇಳಿಯಿತು.

ಆಮೇಲೆ ಅವರು ತೋರಿಸಿದ್ದನ್ನು ನಾನು ಶಾಲೆಯಲ್ಲಿ ಮಕ್ಕಳಿಗೂ ತೋರಿಸಿದ್ದೇನೆ. ಮರಿಯ ಬೆನ್ನಿನ ಕೂದಲಿನಿಂದ ಕಪ್ಪು ಹುಡಿಯನ್ನು ಒದ್ದೆ ಮಾಡಿದ ಬಿಳಿ ಹತ್ತಿಯ ಮೇಲೆ ಉದುರಿಸಿದರು. ಒಂದು ನಿಮಿಷದಲ್ಲಿ ಆ ಹುಡಿಯ ಸುತ್ತ ತುಕ್ಕಿನ ಬಣ್ಣದ ಕೆಂಪು ಹರಡಿತು. ನಾನು ಕೊಳೆ ಎಂದುಕೊಂಡಿದ್ದದ್ದು ಚಿಗಟಗಳ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. 300 ಗ್ರಾಂನ ಮರಿಯ ಮೈಯಲ್ಲಿರುವ ಒಟ್ಟು ರಕ್ತ 20 ಮಿಲಿಲೀಟರಿಗಿಂತ ಹೆಚ್ಚಿರುವುದಿಲ್ಲ. ಅಳೆದರೆ ನಾಲ್ಕು ಟೀ ಚಮಚ. ಅದರಿಂದಲೇ ಹತ್ತಾರು ಚಿಗಟಗಳು ಮೂರು ಹೊತ್ತು ಉಣ್ಣುತ್ತಿದ್ದವು. ಒಸಡು ಬಿಳಿಚಲು ಕಾರಣ ಅದು.

ಚಿಗಟಕ್ಕೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಪರಿಹಾರಗಳೆಲ್ಲ ಬೆಕ್ಕಿಗೆ ವಿಷ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ. ಹಟ್ಟಿಯ ಕಿಟಕಿಯಲ್ಲಿ ಹಸುಗಳ ಉಣುಗಿಗೆ ಬಳಸುವ ಡೆಲ್ಟಾಮೆಥ್ರಿನ್ ದ್ರಾವಣದ ಬಾಟಲಿ ಇತ್ತು. ನೆರೆಯವರೊಬ್ಬರು ತಮ್ಮ ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಹುಡಿಯನ್ನು ಪ್ರೀತಿಯಿಂದ ತಂದುಕೊಟ್ಟಿದ್ದರು. ಬೆಕ್ಕಿನ ಯಕೃತ್ತಿಗೆ ಈ ಬಗೆಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ನಾಯಿಗೆ ಅಥವಾ ಹಸುವಿಗೆ ಇರುವಷ್ಟು ಇಲ್ಲ. ಮೈ ನಡುಗಿ, ಸೆಳೆತ ಬಂದು ಸಾಯಬಹುದು. ಫಿನಾಯಿಲ್, ಕರ್ಪೂರ, ಸೀಮೆಎಣ್ಣೆ ಯಾವುದೂ ಅದರ ಮೈಗೆ ತಾಗಬಾರದು. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿಯಾದ್ದರಿಂದ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮನುಷ್ಯರ ಜ್ವರದ ಪ್ಯಾರಸಿಟಮಾಲ್ ಕೂಡ ಯಕೃತ್ತಿನ ಇಂಥದೇ ಕೊರತೆಯಿಂದಾಗಿ ಬೆಕ್ಕಿಗೆ ಮಾರಕ. ಅರ್ಧ ಗುಳಿಗೆಯೂ ಸಾಕು.

ವೈದ್ಯೆ ಹೇಳಿದ ಉಪಾಯ ಸರಳವಾಗಿತ್ತು. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ದಿನಕ್ಕೆ ಎರಡು ಸಲ ಬಾಚಿ, ಸಿಕ್ಕಿದ ಚಿಗಟಗಳನ್ನು ಸಾಬೂನು ನೀರಿನ ಬಟ್ಟಲಿಗೆ ಹಾಕುವುದು. ಮೊದಲ ದಿನ 41 ಸಿಕ್ಕಿದವು, ಎರಡನೆಯ ದಿನ 17, ವಾರದ ಕೊನೆಗೆ ಒಂದೆರಡು. ಹಾಸಿದ ಬಟ್ಟೆಗಳನ್ನು ದಿನವೂ ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆವು. ಚಿಗಟದ ಮೊಟ್ಟೆಗಳು ಉಳಿಯುವುದು ಬಟ್ಟೆಯಲ್ಲಿ, ನೆಲದ ಬಿರುಕಿನಲ್ಲಿ. ಮಗಳು ಈ ಬಾಚುವ ಕೆಲಸವನ್ನು ತಾನೇ ವಹಿಸಿಕೊಂಡಳು, ಒಂದು ದಿನವೂ ಬಿಡಲಿಲ್ಲ. ಮನುಷ್ಯರ ಕೈಗೆ ಮರಿ ಒಗ್ಗಿಕೊಳ್ಳುವ ವಯಸ್ಸು ಎರಡನೆಯ ವಾರದಿಂದ ಏಳೆಂಟನೆಯ ವಾರದವರೆಗೆ. ಮೊದಮೊದಲು ಬುಸುಗುಟ್ಟುತ್ತಿದ್ದ ಮರಿ ಬಾಚಣಿಗೆಯ ನೆಪದಲ್ಲೇ ಅವಳ ಮಡಿಲಿಗೆ ಒಗ್ಗಿತು.

ಜಂತುಹುಳುವಿಗೆ ಪೈರಾಂಟೆಲ್ ದ್ರಾವಣವನ್ನು ತೂಕ ನೋಡಿ ಕೊಟ್ಟರು, ಎರಡು ವಾರಕ್ಕೊಮ್ಮೆ ಪುನಃ ಕೊಡಲು ಹೇಳಿದರು. ಈ ದುಂಡುಹುಳುಗಳು ತಾಯಿಯ ಹಾಲಿನಿಂದಲೇ ಮರಿಗೆ ಬರುತ್ತವೆ. ಬೀದಿಯ ಮರಿಗೆ ಹುಳು ಇಲ್ಲದಿದ್ದರೇ ಆಶ್ಚರ್ಯ. ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಒಂದೊಂದು ಸಿರಪಿನ ಸಾಂದ್ರತೆ ಒಂದೊಂದು ಬಗೆ.

ಸಸ್ಯಾಹಾರಿ ಮನೆಯ ಮಾಂಸಾಹಾರಿ

ಈ ಪ್ರಕರಣದ ನಡುಗಂಬ ಇದು. ಬೆಕ್ಕಿನ ಮರಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಕಾಸರಗೋಡು ಪೇಟೆಯಿಂದ ತರಿಸಿ, ಸೂಜಿ ತೆಗೆದ ಸಿರಿಂಜಿನಲ್ಲಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿ ಕೊಡತೊಡಗಿದೆವು. ಮರಿಯ ಹೊಟ್ಟೆ ಹಿಡಿಯುವುದು ದೇಹದ ಪ್ರತಿ 100 ಗ್ರಾಂ ತೂಕಕ್ಕೆ ಸುಮಾರು 4 ಮಿಲಿಲೀಟರು. ಹಾಗಾಗಿ ನಮ್ಮ ಮರಿಗೆ ಒಂದು ಹೊತ್ತಿಗೆ 12 ಮಿಲಿಲೀಟರು, ನಾಲ್ಕು ಗಂಟೆಗೊಮ್ಮೆ, ರಾತ್ರಿ ಎರಡು ಗಂಟೆಗೂ. ನಾಲ್ಕನೆಯ ದಿನ 295 ಗ್ರಾಂ, ಐದನೆಯ ದಿನ 303, ಏಳನೆಯ ದಿನ 325. ಅಂಕಿ ಮೊದಲ ಸಲ ಮೇಲೇರಿದ ಬೆಳಗ್ಗೆ ಹೆಂಡತಿ ತಕ್ಕಡಿಯನ್ನು ಒಮ್ಮೆ ಸೊನ್ನೆಗೆ ತಂದು ಎರಡನೆಯ ಸಲ ತೂಗಿ ಖಚಿತಪಡಿಸಿಕೊಂಡಳು.

ಆದರೆ ಐದು ವಾರದ ಮರಿ ಹಾಲಿನಿಂದ ಗಟ್ಟಿ ಆಹಾರಕ್ಕೆ ದಾಟಬೇಕಾದ ಹೊತ್ತು. ಅಮ್ಮ ಮಜ್ಜಿಗೆ ಅನ್ನವನ್ನು ಹಿಸುಕಿ ಇಟ್ಟರು. “ನಮ್ಮ ಮನೆಯಲ್ಲಿ ನಾನು ಮದುವೆಯಾಗಿ ಬಂದಾಗಿನಿಂದ ಪುಚ್ಚೆಗಳಿಗೆ ಇದೇ ಹಾಕಿದ್ದು, ಒಂದಾದರೂ ಸತ್ತಿತೇ?” ಎಂಬುದು ಅವರ ಪ್ರಶ್ನೆ. ಅದು ತಳ್ಳಿಹಾಕುವಂಥ ಪ್ರಶ್ನೆ ಅಲ್ಲ. ಬಾಲ್ಯದಲ್ಲಿ ನಾನು ಕಂಡ ಬೆಕ್ಕುಗಳೆಲ್ಲ ಅನ್ನ ತಿಂದೇ ಗಟ್ಟಿಮುಟ್ಟಾಗಿದ್ದವು. ಉತ್ತರ ಹೊಳೆದದ್ದು ಅಡಿಕೆ ತುಂಬಿಡುವ ಅಟ್ಟವನ್ನು ನೆನೆದಾಗ. ಆ ಬೆಕ್ಕುಗಳು ನಮ್ಮ ಕಣ್ಣೆದುರು ತಿನ್ನುತ್ತಿದ್ದದ್ದು ಮಜ್ಜಿಗೆ ಅನ್ನ. ಕಣ್ಣಿಗೆ ಬೀಳದಂತೆ ಅಟ್ಟದಲ್ಲಿ, ಬೈಹುಲ್ಲಿನ ರಾಶಿಯಲ್ಲಿ, ತೋಟದಲ್ಲಿ ತಿನ್ನುತ್ತಿದ್ದದ್ದು ಇಲಿ, ಹಲ್ಲಿ, ಓತಿ, ಹಕ್ಕಿ. ಅವುಗಳನ್ನು ಸಾಕಿದ್ದು ಅಟ್ಟದ ಇಲಿಗಳು. ಕೋಣೆಯೊಳಗೆ ಬುಟ್ಟಿಯಲ್ಲಿರುವ ಐದು ವಾರದ ಮರಿಗೆ ಆ ದಾರಿ ಇಲ್ಲ. ನಾವು ಇಟ್ಟದ್ದೇ ಅದರ ಸಂಪೂರ್ಣ ಆಹಾರ.

ಬೆಕ್ಕು ತನ್ನ ಶರೀರದಲ್ಲಿ ಟಾರಿನ್ ಎಂಬ ಪದಾರ್ಥವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ ಮೀನುಗಳಲ್ಲಿ, ಧಾನ್ಯಗಳಲ್ಲಿ ಇಲ್ಲವೇ ಇಲ್ಲ. ಟಾರಿನ್ ಕೊರತೆಯಾದ ಬೆಕ್ಕಿನ ಅಕ್ಷಿಪಟಲ ಕೆಟ್ಟು ಕುರುಡಾಗುತ್ತದೆ. ಹೃದಯದ ಗೋಡೆ ತೆಳುವಾಗಿ ಹಿಗ್ಗುತ್ತದೆ. ಹೃದಯದ ಆ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಪ್ರಕಟಿಸಿದ್ದು 1987ರಲ್ಲಿ. ಅಂದರೆ ನಮ್ಮ ಹಿರಿಯರಿಗೆ ಇದು ತಿಳಿದಿರಬೇಕಿತ್ತು ಎನ್ನುವುದು ನ್ಯಾಯವಲ್ಲ. ಎ ಜೀವಸತ್ವದ ವಿಷಯವೂ ಹಾಗೆಯೇ: ಕ್ಯಾರೆಟ್ ಅಥವಾ ಸೊಪ್ಪಿನ ಕ್ಯಾರೋಟಿನನ್ನು ಮನುಷ್ಯರು ಜೀವಸತ್ವವಾಗಿ ಬದಲಿಸಿಕೊಳ್ಳಬಲ್ಲರು, ಬೆಕ್ಕಿಗೆ ಅದು ಸಾಧ್ಯವಿಲ್ಲ. ಅನ್ನದಿಂದ ಹೊಟ್ಟೆ ತುಂಬುತ್ತದೆ, ಮರಿ ಬೆಳೆಯುವುದಿಲ್ಲ.

ಇದನ್ನೆಲ್ಲ ಅಮ್ಮನ ಮುಂದೆ ವಾದವಾಗಿ ಇಡುವ ಅಗತ್ಯ ಬೀಳಲಿಲ್ಲ. ಇಲಿಗಳ ಮಾತು ಬಂದಾಗ ಅವರೇ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಟ್ಟದಲ್ಲಿ ಇಲಿ ಹಿಡಿದರೆ ನಾವು ಬೇಡ ಎಂದದ್ದಿಲ್ಲವಲ್ಲ. ನನ್ನ ಅಡುಗೆಮನೆಗೆ ತಾರಬೇಡ, ಅಷ್ಟೇ” ಎಂದರು. ಸೌದೆ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಹಲಗೆ ಹಾಕಿ, ಪ್ರತ್ಯೇಕ ತಟ್ಟೆ, ಚಮಚ, ಮುಚ್ಚಳವಿರುವ ಡಬ್ಬಿ ಮತ್ತು ನೀರಿನ ಪಾತ್ರೆ ಇಟ್ಟೆವು. ಮರಿಗಳಿಗೆಂದೇ ತಯಾರಾದ, ಟಾರಿನ್ ಸೇರಿಸಿದ ಒಣ ಆಹಾರವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗಂಜಿಯಂತೆ ಹಿಸುಕಿ, ಮೊದಲು ಬೆರಳ ತುದಿಯಿಂದ ನೆಕ್ಕಿಸಿ, ಆಮೇಲೆ ಮರದ ಹಲಗೆಯ ಮೇಲೆ ತಗ್ಗಿನ ತಟ್ಟೆಯಲ್ಲಿ ಇಟ್ಟೆವು. ಮೂರು ದಿನ ತಟ್ಟೆಯ ಒಳಗೆ ನಡೆದಾಡಿತು. ನಾಲ್ಕನೆಯ ದಿನ ತಿಂದಿತು. ಹದಿನಾಲ್ಕನೆಯ ದಿನ ತೂಕ 430 ಗ್ರಾಂ. ಈ ವ್ಯವಸ್ಥೆ ಈಗಲೂ ಹಾಗೆಯೇ ನಡೆಯುತ್ತಿದೆ, ಮನೆಯ ಯಾರ ಮನಸ್ಸಿಗೂ ನೋವಾಗಿಲ್ಲ. ಅಷ್ಟು ಹಣ ಕೊಟ್ಟು ಡಬ್ಬಿ ತರಲಾಗದ ಮನೆಯವರು ಬೇಯಿಸಿದ ಮೊಟ್ಟೆಯನ್ನೋ ಮುಳ್ಳು ತೆಗೆದ ಬೂತಾಯಿ ಮೀನನ್ನೋ ಕೊಡುವುದನ್ನು ಕಂಡಿದ್ದೇನೆ. ಬರೇ ಅನ್ನಕ್ಕಿಂತ ಅದು ಎಷ್ಟೋ ಮೇಲು, ಆದರೆ ಅದೊಂದೇ ಆಹಾರವಾದರೆ ಸುಣ್ಣದಂಶದಂಥ ಬೇರೆ ಕೊರತೆಗಳು ಉಳಿಯುತ್ತವೆ.

ನೆಗಡಿ, ಕಣ್ಣು, ಬಚ್ಚಲುಮನೆಯ ಹಬೆ

ಹದಿನಾರನೆಯ ದಿನ ಮರಿ ಸೀನತೊಡಗಿತು; ಎರಡೂ ಕಣ್ಣುಗಳಲ್ಲಿ ಪಿಸುರು ಕಟ್ಟಿ ರೆಪ್ಪೆಗಳು ಅಂಟಿಕೊಂಡವು. ಬೀದಿಯ ಮರಿಗಳಲ್ಲಿ ಇದು ತೀರ ಸಾಮಾನ್ಯ, ಹರ್ಪಿಸ್ ಅಥವಾ ಕ್ಯಾಲಿಸಿ ಎಂಬ ವೈರಸ್‌ಗಳಿಂದ ಬರುವ ನೆಗಡಿ. ನಾವು ಭಯಪಟ್ಟದ್ದು ಮರಿ ಆಹಾರ ಬಿಟ್ಟಾಗ. ಬೆಕ್ಕು ವಾಸನೆ ಹಿಡಿದೇ ತಿನ್ನುವ ಪ್ರಾಣಿ. ಮೂಗು ಕಟ್ಟಿದರೆ ಎದುರಿನಲ್ಲಿ ಇಟ್ಟದ್ದೂ ಅದಕ್ಕೆ ಆಹಾರವೆಂದು ತಿಳಿಯುವುದಿಲ್ಲ. ಅಷ್ಟು ಸಣ್ಣ ಮರಿ ಒಂದು ದಿನ ಉಪವಾಸ ಬಿದ್ದರೂ ಅಪಾಯ.

ವೈದ್ಯೆ ಹಬೆ ಹಿಡಿಸಲು ಹೇಳಿದರು. ನಮ್ಮ ಬಚ್ಚಲುಮನೆಯ ಹಂಡೆಯಲ್ಲಿ ನೀರು ಕುದಿಯುವುದು ಇದ್ದದ್ದೇ. ಒಲೆಯ ಬೆಂಕಿ ಪೂರ್ತಿ ಎಳೆದು, ಹೊಗೆ ಹೋದ ಮೇಲೆ, ಬಾಗಿಲು ಮುಚ್ಚಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷ ಕುಳಿತೆ. ಹಬೆಯ ನೀರಿಗೆ ನಾಲ್ಕು ತೊಟ್ಟು ನೀಲಗಿರಿ ಎಣ್ಣೆ ಹಾಕಲು ಅಮ್ಮ ಬಾಟಲಿ ತಂದಿದ್ದರು; ಮಕ್ಕಳಿಗೆ ಮಾಡುವ ಉಪಚಾರ ಅದು. ನೀಲಗಿರಿ ಎಣ್ಣೆ ಬೆಕ್ಕಿಗೆ ವಿಷ ಎಂದು ತಿಳಿದದ್ದರಿಂದ ಬರಿಯ ನೀರಿನ ಹಬೆಯಲ್ಲೇ ನಿಂತೆವು. ಹಬೆಯ ಬಳಿಕ ಮೂಗು ಒರೆಸಿ, ಆಹಾರವನ್ನು ಮೈಯ ಶಾಖದಷ್ಟು ಬೆಚ್ಚಗೆ ಮಾಡಿ ಇಟ್ಟರೆ ನಾಲ್ಕು ಬಾಯಿ ತಿನ್ನುತ್ತಿತ್ತು.

ಕಣ್ಣನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ ತೆಗೆದುಕೊಂಡು, ಒಳಗಿನಿಂದ ಹೊರಕ್ಕೆ ಒರೆಸುತ್ತಿದ್ದೆವು. ನನ್ನ ಕಣ್ಣಿನ ಅಲರ್ಜಿಗೆ ಕೊಟ್ಟಿದ್ದ ಹನಿಮದ್ದು ಮನೆಯಲ್ಲಿತ್ತು; ಹಾಕಬಹುದೇ ಎಂದು ಫೋನಿನಲ್ಲಿ ಕೇಳಿದೆ. ಅದರಲ್ಲಿ ಸ್ಟೀರಾಯ್ಡ್ ಇದೆ, ಹರ್ಪಿಸ್‌ನಿಂದ ಹುಣ್ಣಾದ ಕಣ್ಣಿಗೆ ಬಿದ್ದರೆ ಕರಿಗುಡ್ಡೆಯೇ ತೂತಾಗಬಹುದು ಎಂದರು. ಕೇಳದೆ ಹಾಕಿದ್ದರೆ ಮರಿ ಕಣ್ಣು ಕಳೆದುಕೊಳ್ಳುತ್ತಿತ್ತೇನೋ. ಅವರು ಬರೆದುಕೊಟ್ಟ ಆಂಟಿಬಯೋಟಿಕ್ ಮುಲಾಮಿನಿಂದ ಒಂಬತ್ತು ದಿನಗಳಲ್ಲಿ ಕಣ್ಣು ತಿಳಿಯಾಯಿತು. ಈ ಅವಧಿಯಲ್ಲಿ ತೂಕ ಐದು ದಿನ ನಿಂತಲ್ಲೇ ನಿಂತು, ಆಮೇಲೆ ಏರಿತು. 28ನೆಯ ದಿನ 640 ಗ್ರಾಂ.

ತಂಗಿಯ ವಿಷಯ

ಬಸುರಿ ಇರುವ ಮನೆಯಲ್ಲಿ ಬೆಕ್ಕು ಬೇಡ ಎಂದು ತಂಗಿಯ ಅತ್ತೆಯ ಮನೆಯಿಂದ ಫೋನು ಬಂತು. ಅವರ ಆತಂಕ ಆಧಾರವಿಲ್ಲದ್ದಲ್ಲ: ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಹೊರಬರಬಹುದು, ಬಸುರಿಗೆ ಮೊದಲ ಸಲ ಆ ಸೋಂಕು ತಗಲಿದರೆ ಗರ್ಭಕ್ಕೆ ತೊಂದರೆಯಾಗಬಹುದು. ಆದರೆ ಮಲದೊಂದಿಗೆ ಬಂದ ಅದರ ಮೊಟ್ಟೆಯಂಥ ಕಣಗಳು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಶುಚಿ ಮಾಡಿದರೆ ಆ ಸ್ಥಿತಿಗೆ ಬರುವ ಮೊದಲೇ ಹೊರಹೋಗುತ್ತವೆ. ತಂಗಿಯನ್ನು ನೋಡುತ್ತಿದ್ದ ಹೆರಿಗೆ ವೈದ್ಯರೂ ಬೆಕ್ಕನ್ನು ಮನೆಯಿಂದ ಕಳುಹಿಸಬೇಕಾಗಿಲ್ಲ, ಮಲದ ಕೆಲಸವನ್ನು ಆಕೆ ಮಾಡಬಾರದು, ತೋಟದ ಮಣ್ಣು ಮುಟ್ಟಿದರೆ ಕೈ ತೊಳೆಯಬೇಕು, ತರಕಾರಿ ಚೆನ್ನಾಗಿ ತೊಳೆದು ತಿನ್ನಬೇಕು ಎಂದರು. ಕೈಗವಸು ಹಾಕಿ ಬೆಳಗ್ಗೆ ಸಂಜೆ ಮರಿಯ ಮಲದ ತಟ್ಟೆ ಶುಚಿ ಮಾಡುವ ಕೆಲಸ ನನ್ನದಾಯಿತು.

ಆ ತಟ್ಟೆಗೆ ಹೊಯ್ಗೆ (ಮರಳು) ತುಂಬಿಟ್ಟಿದ್ದರೂ ಮರಿ ಮೊದಲು ಆರಿಸಿಕೊಂಡದ್ದು ಬಚ್ಚಲೊಲೆಯ ಬೂದಿಯನ್ನು. ಮಳೆಗಾಲದಲ್ಲಿ ಅದಕ್ಕಿಂತ ಬೆಚ್ಚನೆಯ, ಮೆತ್ತನೆಯ ಜಾಗ ಬೇರೆಲ್ಲಿ? ಬೂದಿಯ ಅಡಿಯಲ್ಲಿ ಕೆಂಡ ಉಳಿದಿರುತ್ತದೆ, ಬೂದಿಯ ಕ್ಷಾರ ಪಾದ ನೆಕ್ಕುವಾಗ ನಾಲಿಗೆ ಸುಡುತ್ತದೆ. ಒಲೆಯ ಬಾಯಿಗೆ ತಗಡು ಮುಚ್ಚಿ, ಹೊಯ್ಗೆಯ ಮೇಲೆ ಜರಡಿ ಹಿಡಿದ ಆರಿದ ಬೂದಿಯನ್ನು ಒಂದು ಹಿಡಿ ಉದುರಿಸಿಟ್ಟೆವು. ಗುರುತಿನ ವಾಸನೆ ಸಿಕ್ಕಿ ಎರಡೇ ದಿನದಲ್ಲಿ ತಟ್ಟೆಗೆ ಒಗ್ಗಿತು. ಆಮೇಲೆ ಬೂದಿ ಹಾಕುವುದನ್ನು ನಿಲ್ಲಿಸಿದೆವು. ತಂಗಿಗೆ ಆಗಸ್ಟಿನಲ್ಲಿ ಸುಖ ಹೆರಿಗೆಯಾಯಿತು.

ಲಸಿಕೆ, ತೋಟದ ಮದ್ದು, ಶಸ್ತ್ರಚಿಕಿತ್ಸೆ

ಎಂಟನೆಯ ವಾರಕ್ಕೆ ಮೂರು ರೋಗಗಳ ಲಸಿಕೆ ಆರಂಭಿಸಬೇಕಿತ್ತು. ಅದರಲ್ಲಿ ಮುಖ್ಯವಾದದ್ದು ಪ್ಯಾನ್‌ಲ್ಯುಕೋಪೀನಿಯಾ. ವಾಂತಿ ಭೇದಿಯಾಗಿ ಎರಡು ಮೂರು ದಿನಗಳಲ್ಲೇ ಮರಿಯನ್ನು ಕೊಲ್ಲುವ ಈ ರೋಗದ ವೈರಸ್ ನೆಲದ ಮೇಲೆ ವರ್ಷದವರೆಗೂ ಬದುಕಬಲ್ಲದು. ನೆಗಡಿ ವಾಸಿಯಾಗಲೆಂದು ಒಂದು ವಾರ ತಡೆದು, ನಮ್ಮಲ್ಲಿ ಆ ಲಸಿಕೆ ಸಿಗದಿದ್ದುದರಿಂದ ಮುಚ್ಚಳದ ಬುಟ್ಟಿಯಲ್ಲಿ ಮರಿಯನ್ನಿಟ್ಟುಕೊಂಡು ಬಸ್ಸಿನಲ್ಲಿ ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. ಬುಟ್ಟಿಯ ಮೇಲೆ ಅದು ದಿನವೂ ಮಲಗುವ ಬಟ್ಟೆಯನ್ನೇ ಹೊದೆಸಿದ್ದರಿಂದ ಕುಂಬಳೆಯ ಬಳಿಕ ಕೂಗಲಿಲ್ಲ. ಹದಿನಾರು ವಾರ ತುಂಬುವವರೆಗೆ ನಾಲ್ಕು ವಾರಕ್ಕೊಮ್ಮೆ ಮುಂದಿನ ಚುಚ್ಚುಮದ್ದುಗಳು. ಮೂರು ತಿಂಗಳಿಗೆ ರೇಬಿಸ್ ಲಸಿಕೆಯನ್ನು ನಮ್ಮ ಮೃಗಾಸ್ಪತ್ರೆಯಲ್ಲೇ ಹಾಕಿದರು.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕೊಳೆರೋಗಕ್ಕೆ ಅಡಿಕೆಗೆ ಎರಡನೆಯ ಸಲ ಮದ್ದು ಬಿಡುವಾಗ ಮರಿಯನ್ನು ನಾಲ್ಕು ದಿನ ಹೊರಗೆ ಬಿಡಲಿಲ್ಲ. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರುವ ಬೋರ್ಡೋ ದ್ರಾವಣ ಹನಿಹನಿಯಾಗಿ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಅದರ ಮೇಲೆ ನಡೆದ ಬೆಕ್ಕು ಪಾದ ನೆಕ್ಕುತ್ತದೆ. ಡ್ರಮ್ಮನ್ನೂ ಬಕೆಟುಗಳನ್ನೂ ತೊಳೆದ ನೀರು ನಿಲ್ಲದಂತೆ ನೋಡಿಕೊಂಡೆವು. ತೋಟದ ಮನೆಗಳಲ್ಲಿ ಬೆಕ್ಕು ಸಾಯುವುದಕ್ಕೆ ಹಾವೇ ಕಾರಣ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಈ ಬಕೆಟುಗಳ ಕಡೆಗೂ ನೋಡಬೇಕು.

ಮೂರು ಬಣ್ಣದ ಬೆಕ್ಕುಗಳು ಬಹುತೇಕ ಹೆಣ್ಣೇ ಆಗಿರುತ್ತವೆ, ಇದೂ ಹೆಣ್ಣು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭದ ಅವಧಿ ಒಂಬತ್ತು ವಾರ. ಒಂದು ಹೆರಿಗೆ ಆಗಿಬಿಡಲಿ, ಆಮೇಲೆ ನೋಡೋಣ ಎಂಬ ಸಲಹೆ ಹಲವರಿಂದ ಬಂತು. ಪಂಪ್ ಶೆಡ್ಡಿನ ಬಳಿ ಸತ್ತು ಬಿದ್ದಿದ್ದ ಆ ಇನ್ನೊಂದು ಮರಿಯನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ನವೆಂಬರ್ ಮೂರನೆಯ ವಾರದಲ್ಲಿ, ತೂಕ 2 ಕಿಲೋ 150 ಗ್ರಾಂ ಇರುವಾಗ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಹೊಲಿಗೆ ನೆಕ್ಕದಂತೆ ಹಳೆಯ ಕಾಲುಚೀಲದ ತುದಿ ಕತ್ತರಿಸಿ ಹೆಂಡತಿ ಅಂಗಿಯಂತೆ ತೊಡಿಸಿದಳು. ಹತ್ತು ದಿನಗಳಲ್ಲಿ ಗಾಯ ಮಾಗಿತು.

ತೂಕದ ಪುಸ್ತಕವನ್ನು ಅಲ್ಲಿಗೆ ನಿಲ್ಲಿಸಿದೆ. ಮುಂದಿನ ವರ್ಷದ ಲಸಿಕೆಯ ತಾರೀಕನ್ನು ಯಾವುದರಲ್ಲಿ ಬರೆದಿಡಲಿ ಎಂದು ಕೇಳಿದಾಗ ಅಮ್ಮ ಆಸ್ಪತ್ರೆಯ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಹಸು ಕರು ಹಾಕುವ ತಾರೀಕಿನ ಕೆಳಗೆ, “ಪುಚ್ಚೆಗೆ ಇಂಜೆಕ್ಷನ್” ಎಂದು ಅವರೇ ಬರೆದಿಟ್ಟಿದ್ದಾರೆ.